ಶರಣಮ್ಮ ಸಿಸ್ಟರ್ ಮುಂದೆ ‘ಅದು’ ಅನ್ನುವಂತಿರಲಿಲ್ಲ

ಬಳ್ಳಾರಿಯ ನಮ್ಮ ಕ್ಯಾನ್ಸರ್ ವಾರ್ಡಿಗೆ ಬರುವ ಹೆಂಗಸರು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಅದು ಆಗೇತ್ರಿ” ಎಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಶರಣಮ್ಮ ಸಿಸ್ಟರ್ ಬಿಡುತ್ತಿರಲಿಲ್ಲ.

“ಅದು ಅಂದ್ರ ಯಾವುದವ್ವ? ಹೆಸರು ಹಿಡಿಯಾಕ ನಾಚಿಕೊಳ್ಳಾಕ ಅದೇನು ನಿನ್ನ ಗಂಡನೇನು?”

ಜನ್ಮದಲ್ಲಿ ಗಂಡನ ಹೆಸರು ಎತ್ತದ ಆ ಹೆಂಗಸರು ನಕ್ಕುಬಿಡುತ್ತಿದ್ದರು. ನಕ್ಕ ಮೇಲೆ ಹೆಸರು ಹೊರಗೆ ಬರುತ್ತಿತ್ತು. “ಹಾಂ, ಕ್ಯಾನ್ಸರ್! ಹೆಸರು ಗೊತ್ತಾದ್ರ ಬೈಯಾಕರ ಬರ್ತತಿ” ಅನ್ನುವರು. ಆಂಧ್ರದ ಕಡೆಯಿಂದ ಬಂದವರಿಗೆ ಇದೇ ಮಾತು ತೆಲುಗಿನಲ್ಲಿ.

ಅವರು ಕುರುಗೋಡಿನವರು. ಕುಳ್ಳು ದೇಹ, ದೊಡ್ಡ ದನಿ, ಹಣೆಯ ಮೇಲೆ ವಿಭೂತಿಯ ತೆಳು ಗೆರೆ. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ರೋಗಿಯನ್ನು ಮುಟ್ಟುವ ಮುಂಚೆ ಅಂಗೈ ಎರಡನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು.

ನಾನು ಹಚ್ಚೊಳ್ಳಿಯ ಹುಡುಗಿ. ಅಪ್ಪ ಅವ್ವ ಮಂದಿಯ ಗದ್ದೆಯಲ್ಲಿ ದುಡಿದು ಓದಿಸಿದರು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಕಂಡವಳು ನಾನೇ ಮೊದಲು. ಶರಣಮ್ಮ ಸಿಸ್ಟರ್ ಓದಿದ್ದು ಡಿಪ್ಲೊಮಾ, ನಾನು ಬಿಎಸ್ಸಿ ನರ್ಸಿಂಗ್ ಎಂಬ ಸೊಕ್ಕು ನನಗಿತ್ತು. ಅದು ಒಂದು ವಾರ ಬಾಳಿತು. ಸಿರುಗುಪ್ಪದ ಅಜ್ಜಿಯೊಬ್ಬಳ ಕೈಗೆ ಎರಡು ಸಲ ಸೂಜಿ ಚುಚ್ಚಿದರೂ ನರ ಸಿಗಲಿಲ್ಲ. ಅಜ್ಜಿ ಕೈ ಎಳೆದುಕೊಂಡು, “ಯವ್ವಾ, ಇದು ಕೈ ಐತಿ, ನಾಟಿ ಮಾಡೋ ಗದ್ದಿ ಅಲ್ಲ!” ಎಂದಳು. ವಾರ್ಡೆಲ್ಲ ನಕ್ಕಿತು. ನನ್ನ ಕಣ್ಣು ತುಂಬಿದವು.

ಶರಣಮ್ಮ ಸಿಸ್ಟರ್ ನನ್ನ ಹಿಂದೆ ಬಂದು ನಿಂತರು. “ಕಣ್ಣಿಲೆ ಹುಡುಕಬ್ಯಾಡಲೇ, ಬೆರಳಿಲೆ ಹುಡುಕು. ಸೋತ ನರ ಕಾಣಂಗಿಲ್ಲ, ಮುಟ್ಟಿದ್ರ ಹೇಳ್ತತಿ.” ಮೂರನೆಯ ಸಲ ಸಿಕ್ಕಿತು. ಇವತ್ತು ನಾನು ಉಣ್ಣುವ ಅನ್ನದಲ್ಲಿ ಆ ಮಾತಿನ ಪಾಲಿದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವಾಗ ಅವರು ನನ್ನನ್ನು ಕರೆದರು. “ಬಾಗಲಾ ಹಾಕು. ಇಲ್ಲಿ ಮುಟ್ಟಿ ನೋಡು.”

ಎಡಗಡೆಯ ಎದೆಯಲ್ಲಿ, ಕಂಕುಳ ಹತ್ತಿರ, ಹುಣಸೆ ಬೀಜದಷ್ಟು ಗಟ್ಟಿ ಗಡ್ಡೆ ಸಿಕ್ಕಿತು. ನನ್ನ ಬೆರಳು ಅಲ್ಲೇ ನಿಂತಿತು.

“ಎಷ್ಟು ದಿನ ಆತ್ರಿ?”

“ಮೂರು ತಿಂಗಳು.”

ತಡಮಾಡಿ ಬಂದ ಹೆಂಗಸರನ್ನು ಅಷ್ಟು ಬೈಯುವವರು ಮೂರು ತಿಂಗಳು ಮುಚ್ಚಿಟ್ಟುಕೊಂಡಿದ್ದರು! ಮಗಳ ಮದುವೆ ಮುಗಿಯಲಿ ಅಂತಂತೆ. ಗೋಡೆ ಕಡೆ ಮುಖ ಮಾಡಿ, “ಅದಾ ಇರಬೇಕು ಬಿಡು” ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ, “ಅದು ಅಂದ್ರ ಯಾವುದ್ರಿ? ನಿಮ್ಮ ಗಂಡನೇನ್ರಿ?” ಅಂದುಬಿಟ್ಟೆ.

ತಿರುಗಿ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. “ಬಾಳ ಬೆಳದಿ ನೀನು” ಎಂದು ನಕ್ಕರು. ಆಮೇಲೆ, ಮೊದಲ ಸಲ ವಾರ್ಡಿಗೆ ಬಂದವರ ಹಾಗೆ, ಸಣ್ಣ ದನಿಯಲ್ಲಿ ಹೇಳಿದರು: “ಕ್ಯಾನ್ಸರ್.”

ಮರುದಿನ ಸೀರೆಯುಟ್ಟು, ಚೀಟಿ ಹಿಡಿದು, ಎಲ್ಲರ ಜೊತೆ ಸಾಲಿನಲ್ಲಿ ನಿಂತರು. ಹಿಂದಿನ ಬಾಗಿಲಿಂದ ಬರ್ರಿ ಎಂದರೆ ಕೇಳಲಿಲ್ಲ. ಗುರುತಿನ ರೋಗಿಯೊಬ್ಬಳು, “ನೀವ್ಯಾಕ್ರಿ ಸಿಸ್ಟರ್ ಇಲ್ಲಿ?” ಎಂದಳು. “ಕ್ಯಾನ್ಸರ್ ಐತೇನಂತ ತೋರ್ಸಾಕ ಬಂದೀನವ್ವ” ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದರು. ಆ ಹೆಂಗಸು ಸರಿದು ಬೆಂಚಿನ ಮೇಲೆ ಜಾಗ ಕೊಟ್ಟಳು.

ಸೂಜಿ ಹಾಕಿ ಗಡ್ಡೆಯ ತುಣುಕು ತೆಗೆದರು. ರಿಪೋರ್ಟಿಗೆ ಎಂಟು ದಿನ. ಆ ಎಂಟು ದಿನವೂ ಅವರು ಡ್ಯೂಟಿ ಬಿಡಲಿಲ್ಲ. ಒಂದು ದಿನ ಚಹಾ ಕುಡಿಯುತ್ತಾ, “ಇಷ್ಟು ವರ್ಷ ಎಲ್ಲಾರಿಗೂ ಧೈರ್ಯ ತಗೋ, ಧೈರ್ಯ ತಗೋ ಅಂದೆ. ಎಲ್ಲಿಂದ ತಗಬೇಕಂತ ಒಬ್ಬರಿಗೂ ಹೇಳಿಲ್ಲ ನೋಡು” ಎಂದರು. ಅಂದಿನಿಂದ ಆ ಮಾತು ಬಿಟ್ಟರು. ಅಳುವವರ ಪಕ್ಕ ಸುಮ್ಮನೆ ಕೂರುತ್ತಿದ್ದರು.

ಒಂಬತ್ತನೆಯ ದಿನ ಡಾಕ್ಟರು ಕರೆದರು. ಸಾದಾ ಗಡ್ಡೆ, ಕ್ಯಾನ್ಸರ್ ಅಲ್ಲ. ಹೊರಗೆ ಬಂದವರೇ ನನಗೆ, “ಅರ್ಧ ದಿನ ರಜಾ ಬರಿ” ಎಂದರು.

“ಕಾರಣ ಏನಂತ ಬರೀಲ್ರಿ?”

“ಅಳಾಕ ಅಂತ ಬರಿ. ಎಂಟು ದಿನದ್ದು ಬಾಕಿ ಐತಿ.”

ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು. ಮರುದಿನ ಊದಿದ ಕಣ್ಣಿಟ್ಟುಕೊಂಡು ಸಮಯಕ್ಕೆ ಸರಿಯಾಗಿ ಬಂದರು.

ಹೋದ ವರ್ಷ ನಿವೃತ್ತರಾದರು. ಈಚೆಗೆ ಕುರುಗೋಡಿಗೆ ಹೋಗಿದ್ದೆ. ರೊಟ್ಟಿ, ಶೇಂಗಾ ಚಟ್ನಿ ಉಣ್ಣಿಸಿ, ಬಸ್ಸು ಹತ್ತಿಸಲು ಬಂದರು. ಕಿಟಕಿಯ ಹತ್ತಿರ ನಿಂತು, “ನೀ ಯಾವಾಗ ನೋಡ್ಕೊಂಡೀ?” ಎಂದು ಕೇಳಿದರು. ದಿನಾ ಹತ್ತು ಜನಕ್ಕೆ ಹೇಳುವ ನಾನೇ ನೋಡಿಕೊಂಡು ವರ್ಷವಾಗಿತ್ತು. ಬಸ್ಸು ಹೊರಟಿತು. “ಇವತ್ತಾ ಎದಿ ಮುಟ್ಟಿ ನೋಡ್ಕೊಳಲೇ!” ಎಂದು ಅವರು ಕೂಗಿದ್ದಕ್ಕೆ ಕಂಡಕ್ಟರ್ ತಲೆ ತಗ್ಗಿಸಿದ, ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡಿದರು.

ಕೋಣೆಗೆ ಬಂದವಳೇ ಬಾಗಿಲು ಹಾಕಿ, ಮೂರು ಬೆರಳು ಜೋಡಿಸಿ ನೋಡಿಕೊಂಡೆ. ಏನೂ ಇರಲಿಲ್ಲ. ಫೋನ್ ಮಾಡಿ ಹೇಳಿದೆ.

“ಚಲೋ ಆತು. ಆ ಬಸ್ಸಿನ್ಯಾಗಿನ ಹೆಂಗಸರಿಗೂ ಹೇಳಿದ್ಯೋ ಇಲ್ಲೋ?” ಎಂದರು.