ಓಸ್ತಿಯ ಚೂರುಗಳ ಡಬ್ಬ

ಇದು ಎಂದಿಗೂ ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ತಾಯಿಯ ಅಕ್ಕ, ಕಾರ್ಮಿನ್ ಮಾವ್ಶಿ. ಎರಡನೆಯವರು ನಾನು ಕಲಿಸುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ. ಮೂರನೆಯವರು ನನ್ನ ಎದೆಯನ್ನು ಕೊಯ್ದು ತೆಗೆದ ಡಾಕ್ಟರು. ಮೂವರೂ ಹೇಳಿದ್ದು ಒಂದೇ: ನಾನು ಬಿ.ಎ. ಪರೀಕ್ಷೆಗೆ ಕೂರಲಾರೆ. ಇವರಲ್ಲಿ ಡಾಕ್ಟರು ಹೇಳಿದ ಕಾರಣ ಸರಿಯಾಗಿಯೇ ಇತ್ತು. ಆದ್ದರಿಂದಲೇ ಮುಂದೆ ನಡೆದದ್ದನ್ನು ನನ್ನ ಜಾಣತನ ಎನ್ನದೆ ದೇವರ ಕೃಪೆ ಎನ್ನುತ್ತೇನೆ. ನನ್ನ ಹಾಗೆ ಮೊಣಕಾಲೂರಿ ಉತ್ತರಕ್ಕೆ ಕಾದಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುತ್ತಿದ್ದವರು. ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಸಾಕಿದವಳು ಮಾವ್ಶಿ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದು ಒಡೆದು, ಸಿಪ್ಪೆಯ ಎಣ್ಣೆಗೆ ಅವಳ ಬೆರಳೆಲ್ಲ ಸುಟ್ಟು ಕಪ್ಪಾಗಿದ್ದವು; ಕೆಲಸ ಬಿಟ್ಟ ಮೇಲೂ ಆ ಕಪ್ಪು ಹೋಗಲಿಲ್ಲ. ನಮ್ಮ ಕುಟುಂಬದಲ್ಲಿ ಐದನೆಯ ಕ್ಲಾಸು ದಾಟಿದವರಿರಲಿಲ್ಲ. ನಾನು ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ಟ್ರೈನಿಂಗ್ ಮಾಡಿ, ಟೀಚರಾದೆ. ಕುಲಶೇಖರದಿಂದ ಶಾಲೆಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಓದಿ, ಬಿ.ಎ. ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ.

"ಹೆಂಚು ಹೊತ್ತವನ ಮಗಳು ಬಿ.ಎ. ಅಂತೆ," ಎಂದು ಮಾವ್ಶಿ ನೆರೆಯವರ ಮುಂದೆ ನಗುತ್ತಿದ್ದಳು. "ಯಾವುದಾದರೂ ಹೆಂಚಿನ ಮೇಲೆ ಬರೆದು ಮಾಡಿಗೆ ಹಾಕಿಬಿಡು ಬಾಯೆ, ಮಳೆಯಾದರೂ ಓದಲಿ."

ಪರೀಕ್ಷೆ ಮಾರ್ಚ್ ತಿಂಗಳಲ್ಲಿತ್ತು. ಅದರ ಹಿಂದಿನ ಆಗಸ್ಟಿನಲ್ಲಿ, ಸ್ನಾನ ಮಾಡುವಾಗ, ಎಡ ಮೊಲೆಯಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ ಹತ್ತಿರ ಹೋಗುವುದೇಕೆ ಎಂದು ಎರಡು ತಿಂಗಳು ಕಳೆದೆ. ಈ ತಪ್ಪನ್ನು ನನ್ನ ಸಹೋದರಿಯರು ಯಾರೂ ಮಾಡಬಾರದು. ಅಕ್ಟೋಬರಿನಲ್ಲಿ ಮೊಲೆಯನ್ನು ಪೂರ್ತಿ ತೆಗೆದರು. ಎಚ್ಚರವಾದಾಗ ಮಾವ್ಶಿ ಮಂಚದ ಪಕ್ಕ ಕೂತು ಜಪಮಾಲೆ ಎಣಿಸುತ್ತಿದ್ದಳು. ಎಣಿಕೆ ಮುಗಿಸಿ ಅಂದಳು: "ಮದುವೆ ಇಲ್ಲ, ಮಕ್ಕಳಿಲ್ಲ. ಹೋದರೆ ಹೋಯಿತು. ನಿನಗದು ಎಂತಕ್ಕೆ ಬೇಕಿತ್ತು?"

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಹೇಳಿದರು: "ಅದು ಕಂಕುಳಿಗೂ ಹೋಗಿತ್ತು. ಕೊಯ್ದದ್ದು ಸಾಲದು. ಈಗ ಹೊಸ ಇಂಜೆಕ್ಷನ್ ಒಂದು ಬಂದದ್ದುಂಟು, ಬೊಂಬಾಯಿಯಿಂದ ತರಿಸಬೇಕು. ವಾರಕ್ಕೊಂದು. ತುಂಬ ಹಿಂಸೆ ಕೊಡ್ತದೆ, ಈಗಲೇ ಹೇಳ್ತೇನೆ."

"ಮಾರ್ಚಿನಲ್ಲಿ ನನಗೆ ಪರೀಕ್ಷೆ ಉಂಟು ಡಾಕ್ಟ್ರೇ."

"ಯಾವ ಮಾರ್ಚ್? ಮೊದಲು ಡಿಸೆಂಬರ್ ನೋಡುವ."

ಅವರು ಸುಳ್ಳು ಹೇಳಲಿಲ್ಲ. ಪ್ರತಿ ಬುಧವಾರ ಬೆಳಿಗ್ಗೆ ಬೆರಳು ಚುಚ್ಚಿ ರಕ್ತ ನೋಡುವರು. ಬಿಳಿ ಕಣ ಇಳಿದಿದ್ದರೆ ಆ ವಾರ ಇಂಜೆಕ್ಷನ್ ಇಲ್ಲ. ಇಲ್ಲ ಎಂದ ದಿನ ಸಂತೋಷವಾಗುತ್ತಿತ್ತು, ಬಸ್ಸು ಹತ್ತುವಷ್ಟರಲ್ಲಿ ಹೆದರಿಕೆಯೂ ಆಗುತ್ತಿತ್ತು. ಶಸ್ತ್ರಕ್ರಿಯೆಯಾದ ಕಡೆಯ ಎಡಗೈ ಬಾತುಕೊಂಡಿದ್ದರಿಂದ ಸೂಜಿ ಚುಚ್ಚಿದ್ದೆಲ್ಲ ಬಲಗೈಗೆ, ಬರೆಯುವ ಕೈಗೆ. ನರಗಳು ಹಗ್ಗದಂತೆ ಗಟ್ಟಿಯಾಗಿ ಕಪ್ಪಾದವು. ಮಧ್ಯಾಹ್ನ ಮನೆಗೆ ಬಂದರೆ ಸಂಜೆಗೆ ವಾಂತಿ ಶುರು. ಎರಡು ದಿನ, ಕೆಲವೊಮ್ಮೆ ಮೂರು ದಿನ. ಹೊಟ್ಟೆಯಲ್ಲಿ ಏನೂ ಇಲ್ಲದಾಗಲೂ ಕರುಳು ಹಿಂಡಿ ಹಸಿರು ನೀರು ಬರುತ್ತಿತ್ತು. ನಾಲ್ಕನೆಯ ವಾರ ಬಾಯಿ ತುಂಬ ಹುಣ್ಣು. ಗಂಜಿಯ ತಿಳಿಯಲ್ಲಿ ಉಪ್ಪಿದ್ದರೆ ಕೆಂಡ, ಇಲ್ಲದಿದ್ದರೆ ಓಕರಿಕೆ. ಎಳನೀರು, ಅರಳು, ಲಿಂಬೆಯ ಸಿಪ್ಪೆಯ ವಾಸನೆ, ಎಲ್ಲವನ್ನೂ ನೋಡಿದೆ. ಯಾವುದರಿಂದಲೂ ವಾಂತಿ ನಿಲ್ಲಲಿಲ್ಲ. ಮಾವ್ಶಿ ದಿನವೂ ಒಣಮೀನು ಸುಡುತ್ತಿದ್ದಳು. ಆ ವಾಸನೆಗೇ ವಾಂತಿಯಾಗುತ್ತದೆ, ಸ್ವಲ್ಪ ದಿನ ಬಿಡು ಎಂದು ಕೈಮುಗಿದು ಕೇಳಿದೆ.

"ಮೀನಿಲ್ಲದೆ ನನಗೆ ಅನ್ನ ಇಳಿಯುವುದಿಲ್ಲ," ಅಂದಳು. "ಒಬ್ಬಳು ಹಸಿದದ್ದು ಸಾಲದಾ?"

ಕೂದಲು ಮೊದಲು ದಿಂಬಿನ ಮೇಲೆ ಸಿಕ್ಕಿತು, ಆಮೇಲೆ ಬಾಚಣಿಗೆಯಲ್ಲಿ, ಆಮೇಲೆ ಬಾಚಲು ಏನೂ ಉಳಿಯಲಿಲ್ಲ. ಸೆರಗು ಹೊದ್ದುಕೊಂಡು ಶಾಲೆಗೆ ಹೋದೆ. ಮೂರನೆಯ ಕ್ಲಾಸಿನ ಹುಡುಗಿಯೊಬ್ಬಳು, "ಟೀಚರ್, ವೆಲಂಕಣಿಗೆ ಹೋಗಿ ಮುಡಿ ಕೊಟ್ಟದ್ದಾ? ನಮಗೆ ಎಂತ ತಂದಿರಿ?" ಎಂದು ಕೇಳಿದಳು. ನಗು ಬಂತು. ಬಹಳ ದಿನದ ಮೇಲೆ ಬಂದ ನಗು. ಮುಖ್ಯೋಪಾಧ್ಯಾಯಿನಿಗೆ ಬರಲಿಲ್ಲ. "ಮಕ್ಕಳಿಗೆ ಹೆದರಿಕೆ ಆಗ್ತದೆ. ರಜೆ ಹಾಕಿ ಟೀಚರ್. ಪರೀಕ್ಷೆಯನ್ನೂ ಬಿಡಿ. ಈಗ ನಿಮಗೆ ಡಿಗ್ರಿ ಯಾರಿಗೆ ತೋರಿಸ್ಲಿಕ್ಕೆ?" ಎಂದರು. ರಜೆ ಹಾಕಿದೆ. ಪರೀಕ್ಷೆ ಬಿಡಲಿಲ್ಲ.

ಆಗ ನಾನು ಮಾಡಿದ ಪ್ರಾರ್ಥನೆಯನ್ನು ಇದ್ದ ಹಾಗೆ ಬರೆಯುತ್ತೇನೆ. ಆಯುಷ್ಯ ಕೊಡು ಎಂದು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. "ಸ್ವಾಮಿ, ಒಂದು ಪೇಪರಿಗೆ ಮೂರು ಗಂಟೆ. ಆ ಮೂರು ಗಂಟೆ ನನ್ನ ಹೊಟ್ಟೆ ಸುಮ್ಮನಿರಲಿ. ಉಳಿದದ್ದು ನಿನ್ನ ಇಷ್ಟ," ಎಂದಷ್ಟೇ ಕೇಳಿದೆ. ಜನವರಿ ಬಂದರೂ ಹೊಟ್ಟೆ ಹದಿನೈದು ನಿಮಿಷವೂ ಸುಮ್ಮನಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಕಟ. ಪೂಜೆಯಲ್ಲಿ ಸ್ವಾಮಿಯ ಶರೀರವಾಗುವ ತೆಳು ರೊಟ್ಟಿಯನ್ನು, ಅಂದರೆ ಓಸ್ತಿಯನ್ನು, ಪರಮಪ್ರಸಾದವಾಗಿ ಸ್ವೀಕರಿಸುವುದನ್ನು ನಾನು ನಿಲ್ಲಿಸಿದ್ದೆ. ಕಾರಣ ನಿಮಗೆ ತಿಳಿದೀತು. ಸ್ವಾಮಿಯ ಶರೀರವನ್ನು ನಾಲಗೆಯ ಮೇಲೆ ಪಡೆದು ಇಗರ್ಜಿಯ ಮೆಟ್ಟಿಲಲ್ಲಿ ವಾಂತಿ ಮಾಡಿಬಿಟ್ಟರೆ? ಜ್ಞಾನೋಪದೇಶದಲ್ಲಿ ಕಲಿತದ್ದು ನೆನಪಿತ್ತು: ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು, ಆ ಬಟ್ಟೆಯನ್ನು ಸುಡಬೇಕು. ಹಾಗಾಗಿ ಎಲ್ಲರೂ ಎದ್ದು ಮುಂದೆ ಹೋಗುವಾಗ ನಾನೊಬ್ಬಳೇ ಬೆಂಚಿನಲ್ಲಿ ಉಳಿಯುತ್ತಿದ್ದೆ. ಹಾಗೆ ಉಳಿದವರನ್ನು ನೋಡಿ ಜನ ಏನು ಯೋಚಿಸುತ್ತಾರೆಂದು ಹೇಳಬೇಕಾಗಿಲ್ಲ. ಮಾವ್ಶಿ ಯೋಚಿಸಿ ಸುಮ್ಮನಿರುವವಳಲ್ಲ. "ಒಳಗೆ ಎಂಥ ಪಾಪ ಇಟ್ಟುಕೊಂಡಿದ್ದಿ? ಅದೇ ಗಂಟಾಗಿ ಬಂದದ್ದು," ಅಂದಳು.

ಆ ಶನಿವಾರ ಪಾಪನಿವೇದನೆಗೆ ಹೋಗಿ ನಮ್ಮ ವಿಗಾರ್ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಮಾತಿನಲ್ಲಿ ಜಿಪುಣರು. ಜಾಲರಿಯ ಆಚೆಯಿಂದ, "ಇದಕ್ಕೆ ಹಿಂದಿನಿಂದ ಒಂದು ಕ್ರಮ ಉಂಟು," ಎಂದರು. "ಕಾನ್ವೆಂಟಿಗೆ ಹೋಗಿ ಪೂಜೆಗೆ ಇಡದ, ಬರೀ ಹಿಟ್ಟಿನ ಓಸ್ತಿ ಕೇಳು. ಮನೆಯಲ್ಲಿ ನಾಲಗೆ ಮೇಲೆ ಇಟ್ಟು ನೋಡು. ಅರ್ಧ ಗಂಟೆ ಹೊಟ್ಟೆಯಲ್ಲಿ ನಿಂತರೆ ಭಾನುವಾರ ಮುಂದೆ ಬಾ. ನಿಲ್ಲದಿದ್ದರೆ ಬೆಂಚಿನಲ್ಲಿ ಕೂತದ್ದೇ ನಿನ್ನ ಪರಮಪ್ರಸಾದ."

ಕಾನ್ವೆಂಟಿನಲ್ಲಿ ಓಸ್ತಿ ಮಾಡುತ್ತಿದ್ದವರು ಮುದುಕಿ ಸಿಸ್ಟರ್ ಬಿಬಿಯಾನಾ. ಗೋಧಿ ಹಿಟ್ಟು ಮತ್ತು ನೀರು, ಬೇರೇನಿಲ್ಲ. ಕಬ್ಬಿಣದ ಅಚ್ಚಿನಲ್ಲಿ ತೆಳ್ಳಗೆ ಸುಟ್ಟು, ಉರುಟಾಗಿ ಕತ್ತರಿಸುತ್ತಾರೆ. ಸುತ್ತ ಉಳಿದ ಚೂರುಗಳನ್ನು ಮಕ್ಕಳಿಗೆ ಹಂಚುವುದು ವಾಡಿಕೆ. ಅವರು ಕಿವುಡಿ. ನಾನು ಒಂದು ಓಸ್ತಿ ಕೇಳಿದರೆ, ನನ್ನ ತಲೆ ನೋಡಿ, ಎತ್ತರದ ಬಿಸ್ಕಿಟ್ ಡಬ್ಬವೊಂದಕ್ಕೆ ಚೂರುಗಳನ್ನು ತುಂಬಿಸಿ ಮುಚ್ಚಳ ಒತ್ತಿ ಕೊಟ್ಟರು. "ಮಕ್ಕಳು ಇಲಿಗಳ ಹಾಗೆ ತಿಂತಾರೆ. ನೀನೂ ತಿನ್ನು," ಅಂದರು.

ಮನೆಯಲ್ಲಿ ಒಂದು ಚೂರನ್ನು ನಾಲಗೆಯ ಮೇಲಿಟ್ಟು ಗಡಿಯಾರದ ಎದುರು ಕೂತೆ. ಅಗಿಯಬೇಕಾಗಿರಲಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ವಾಸನೆಯಿಲ್ಲ. ಹುಣ್ಣಿಗೆ ತಾಗದೆ ಕರಗಿ ಹೋಯಿತು. ಅರ್ಧ ಗಂಟೆ ಕಳೆಯಿತು. ಇನ್ನೊಂದು ಚೂರು ಇಟ್ಟೆ. ಇತಿಹಾಸದ ನೋಟ್ಸ್ ತೆರೆದೆ. ತಲೆಯೆತ್ತಿದಾಗ ಮೂರು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು, ಅರ್ಧ ಅಧ್ಯಾಯ ಓದಿದ್ದೆ, ಹೊಟ್ಟೆ ಸುಮ್ಮನಿತ್ತು. ನಾನು ಕೇಳಿದ್ದೂ ಮೂರೇ ಗಂಟೆ. ಪುಸ್ತಕದ ಮೇಲೆ ತಲೆಯಿಟ್ಟು ಅತ್ತೆ.

ಅಂದಿನಿಂದ ಇಂಜೆಕ್ಷನ್ನಿನ ಮಾರನೆಯ ದಿನ ಬೆಳಿಗ್ಗೆಯಿಂದ ಗಂಟೆಗೊಂದು ಚೂರು. ಅದು ನಿಂತ ಮೇಲೆ ಎರಡು ಚಮಚ ನೀರು, ಆಮೇಲೆ ಉಪ್ಪಿಲ್ಲದ ತಿಳಿ. ಭಾನುವಾರ ಎಲ್ಲರ ಜೊತೆ ಮುಂದೆ ಹೋಗಿ ನಾಲಗೆ ಚಾಚಿದೆ. ವಾಂತಿ ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನಡುವೆ ಬಿಡುವು ಸಿಕ್ಕಿತು. ಡಾಕ್ಟರಿಗೆ ಹೇಳಿದೆ. "ಅದು ಮದ್ದಲ್ಲ. ಆದರೆ ನಿಲ್ತದಲ್ಲ? ತಿನ್ನಿ," ಎಂದರು.

ಫೆಬ್ರವರಿಯ ಒಂದು ಮಧ್ಯಾಹ್ನ ಮಾವ್ಶಿ ಡಬ್ಬದ ಮುಚ್ಚಳ ತೆರೆದಳು. ನಾನು ಚಾಪೆಯ ಮೇಲೆ ಮಲಗಿ, ಕೈಯಲ್ಲಿ ಪುಸ್ತಕ, ಬಾಯಲ್ಲಿ ಚೂರು. ಅವಳು ಡಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು, ಅಡಿಗೆಮನೆಯ ನೆಲಕ್ಕೆ ಮೊಣಕಾಲೂರಿದಳು.

"ಸ್ವಾಮಿಯನ್ನು ಕದ್ದು ತಂದು ಕಡಲೆಯ ಹಾಗೆ ತಿಂತೀಯಾ? ಸಾಯುವವಳಿಗೆ ಸ್ವಲ್ಪವಾದರೂ ಹೆದರಿಕೆ ಬೇಡವಾ?"

ಎಷ್ಟು ಹೇಳಿದರೂ ಕೇಳಲಿಲ್ಲ. ಡಬ್ಬವನ್ನು ಮುಟ್ಟಲೂ ಹೆದರಿ ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡು ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು, ಉರಿಬಿಸಿಲಲ್ಲಿ ಇಗರ್ಜಿಗೆ ನಡೆದಳು. ನಾನು ಹಿಂದಿನಿಂದ ದಾರಿಯುದ್ದಕ್ಕೂ ಕೂತು ಕೂತು ಹೋದೆ. ಅವಳನ್ನು ನೋಡಿದ ಹೆಂಗಸರಲ್ಲಿ ಇಬ್ಬರು ದಾರಿಯ ಬದಿಗೆ ಸರಿದು ಶಿಲುಬೆಯ ಗುರುತು ಹಾಕಿಕೊಂಡರು.

ವಿಗಾರರು ಜಗಲಿಯಲ್ಲಿ ಕೂತಿದ್ದರು. ಮಾವ್ಶಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಬಟ್ಟೆ ಬಿಚ್ಚಿ, ಡಬ್ಬಕ್ಕೆ ಕೈಹಾಕಿ, ಒಂದು ಹಿಡಿ ಚೂರು ತೆಗೆದು ಕರಂ ಕುರುಂ ಎಂದು ತಿನ್ನತೊಡಗಿದರು. ಮಾವ್ಶಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಸಿಸ್ಟರ್ ಈ ಸಲ ಸ್ವಲ್ಪ ಹೆಚ್ಚು ಸುಟ್ಟಿದ್ದಾರೆ," ಎಂದರು ವಿಗಾರರು. "ಬರೀ ಹಿಟ್ಟು ಕಾರ್ಮಿನ್‌ಬಾಯ್. ನಾನೇ ತಿನ್ನಲಿಕ್ಕೆ ಹೇಳಿದ್ದು. ನಿಮಗೂ ಬೇಕಾ?"

"ಬೇಡ ಪಾದ್ರ್ಯಾಬ್," ಎಂದಳು ಮಾವ್ಶಿ ಮೆಲ್ಲಗೆ. "ನನ್ನ ಊಟ ಆಗಿದೆ."

ಹಿಂದೆ ಬರುವಾಗ ಡಬ್ಬವನ್ನು ಅವಳೇ ಹಿಡಿದುಕೊಂಡಳು. ಮಾರನೆಯ ದಿನ ಮತ್ತೆ ಒಣಮೀನು ಸುಟ್ಟಳು, ಆದರೆ ಹಿತ್ತಲಿನಲ್ಲಿ ಕಲ್ಲಿಟ್ಟು.

ಮಾರ್ಚ್ ಬಂತು. ಪರೀಕ್ಷೆ ಎರಡು ವಾರ. ಒಂದು ವಾರವೂ ಇಂಜೆಕ್ಷನ್ ತಪ್ಪಿಸಲಿಕ್ಕಿಲ್ಲ ಎಂದರು ಡಾಕ್ಟರು. "ಬುಧವಾರದ ಬದಲು ಶನಿವಾರ ಪೇಪರ್ ಮುಗಿದ ಮೇಲೆ ಕೊಡ್ತೇನೆ. ಭಾನುವಾರ ಏನು ಬೇಕಾದರೂ ಆಗಲಿ, ಸೋಮವಾರ ಹೋಗಿ ಬರೆಯಿರಿ. ಇಷ್ಟೇ ನನ್ನಿಂದ ಆಗುವುದು." ಮೊದಲ ವಾರ ಹೇಗೋ ದಾಟಿತು. ಎರಡನೆಯ ಸೋಮವಾರ ಇತಿಹಾಸ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಎರಡು ಸಲ ವಾಂತಿ ಮಾಡಿದೆ. ಪರೀಕ್ಷೆಯ ಹಾಲ್‌ನಲ್ಲಿ ಕೂತು ಒಂದು ಚೂರು ನಾಲಗೆಗೆ ಹಾಕಿ ಬರೆಯಲು ಶುರುಮಾಡಿದೆ. ಅರ್ಧ ಗಂಟೆಯಾಗಿರಬಹುದು, ಮೇಲ್ವಿಚಾರಕರೊಬ್ಬರು ಬಂದು ನಿಂತರು.

"ತಲೆಯ ಸೆರಗು ತೆಗೆಯಿರಿ. ಒಳಗೆ ಎಂತ ಇಟ್ಟುಕೊಂಡಿದ್ದೀರಿ?"

"ಏನೂ ಇಲ್ಲ ಸಾರ್."

"ಏನೂ ಇಲ್ಲದಿದ್ದರೆ ತೆಗೆಯಲಿಕ್ಕೆ ಎಂತ?"

ತೆಗೆದೆ. ಹಾಲ್‌ನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಕೂದಲಿಲ್ಲದ ತಲೆ, ಹುಬ್ಬೂ ಇಲ್ಲದ ಮುಖ. ಮೇಲ್ವಿಚಾರಕರು ಎರಡು ಹೆಜ್ಜೆ ಹಿಂದೆ ಹೋದರು, ಕ್ಷಮಿಸಿ ಎನ್ನಲಿಲ್ಲ. ನಾನು ಮತ್ತೆ ಸೆರಗು ಹೊದೆಯಲಿಲ್ಲ. ಹೊದೆಯಲು ಕೈ ಎತ್ತಿದರೆ ಅಷ್ಟು ಹೊತ್ತು ಬರವಣಿಗೆ ನಿಲ್ಲುತ್ತದೆ. ಗಟ್ಟಿಯಾದ ನರ ಮೊಣಕೈಯವರೆಗೆ ಸೆಳೆಯುತ್ತಿತ್ತು. ಕೊನೆಯ ಗಂಟೆ ಬಾರಿಸುವವರೆಗೆ ಬರೆದೆ. ಪೇಪರ್ ಕೊಟ್ಟು ಹೊರಗೆ ಬಂದು, ಗೋಡೆ ಹಿಡಿದು ನಿಂತಾಗ ವಾಂತಿಯಾಯಿತು. ಮೂರು ಗಂಟೆಯ ನಂತರ. ಒಂದು ನಿಮಿಷವೂ ಮೊದಲಲ್ಲ.

ಪಾಸಾದೆ. ಮೂರನೆಯ ದರ್ಜೆ. ಇಂಜೆಕ್ಷನ್‌ಗಳು ಜೂನಿನಲ್ಲಿ ಮುಗಿದವು. ಕೂದಲು ಮೊದಲಿಗಿಂತ ಗುಂಗುರಾಗಿ ಬಂತು. ಎಡಗೈ ಇಂದಿಗೂ ಬಾತುಕೊಳ್ಳುತ್ತದೆ. ಇದನ್ನು ಬರೆಯುವ ಹೊತ್ತಿಗೆ ಐದು ವರ್ಷ ಕಳೆದಿದೆ. ಕಾಯಿಲೆ ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ, ನಾನೂ ಕೇಳಿಲ್ಲ. ನಾನು ದೊಡ್ಡದೇನನ್ನೂ ಕೇಳಿರಲಿಲ್ಲ. ಕೇಳಿದಷ್ಟನ್ನು ಸ್ವಾಮಿ ಅಳತೆ ತಪ್ಪದೆ ಕೊಟ್ಟ, ಅದೂ ಮಕ್ಕಳಿಗೆ ಹಂಚುವ ಚೂರುಗಳಲ್ಲಿ. ಕಷ್ಟದಲ್ಲಿರುವ ಸಹೋದರಿಯರೇ, ವರ್ಷಗಳನ್ನು ಕೇಳಲು ಬಾಯಿ ಬಾರದಿದ್ದರೆ ಗಂಟೆಗಳನ್ನು ಕೇಳಿ. ಆತನಿಗೆ ಅದೂ ಕೇಳಿಸುತ್ತದೆ. ಅಂದಿನಿಂದ ನಾನು ಒಂದು ಭಾನುವಾರವೂ ಬೆಂಚಿನಲ್ಲಿ ಉಳಿದಿಲ್ಲ.

ಪದವಿಪ್ರದಾನಕ್ಕೆ ಪ್ರಯಾಣ ಮಾಡುವ ಶಕ್ತಿ ಇರಲಿಲ್ಲ. ಸರ್ಟಿಫಿಕೇಟು ವಿಗಾರರ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಭಾನುವಾರ ಪೂಜೆಯಾದ ಮೇಲೆ, ಅದೇ ಜಗಲಿಯಲ್ಲಿ, ಅವರು ಸುರುಳಿಯನ್ನು ನನ್ನ ಬಲಗೈಗೆ ಕೊಟ್ಟು, "ತಗೊಳ್ಳಿ ಟೀಚರ್," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದರು.

ಮಾವ್ಶಿ ಪಕ್ಕದಲ್ಲಿದ್ದಳು. "ನಿನ್ನ ಹೆಸರು ಎಲ್ಲುಂಟು, ತೋರಿಸು," ಅಂದಳು. ಬಿಡಿಸಿ ತೋರಿಸಿದೆ. ಅವಳ ಕಪ್ಪು ಬೆರಳು ಹೆಸರಿನ ಹತ್ತಿರ ಬಂತು, ಕಾಗದಕ್ಕೆ ತಾಗದೆ ಮೇಲೆಯೇ ನಿಂತಿತು, ಹಿಂದೆ ಹೋಯಿತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಮನೆಯಲ್ಲಿ ಗೆದ್ದಲು ಉಂಟು," ಅಂದಳು. "ಸಿಸ್ಟರ್ ಕೊಟ್ಟ ಆ ಡಬ್ಬ ಬಿಸಾಡಲಿಲ್ಲ ತಾನೆ? ಇದನ್ನು ಅದರಲ್ಲಿ ಇಡು. ಅದರ ಮುಚ್ಚಳ ಗಟ್ಟಿ ಉಂಟು."