ಬಂದೂಕು ನಮ್ಮದು, ಸಿಡಿಮದ್ದು ಅವರದು

ಆ ವರ್ಷ ಮಗಳ ನಿಶ್ಚಯಕ್ಕೆ ಆಳಂದದ ಬೀಗರು ಒಂದೇ ಮಾತು ಹೇಳಿ ಕಳಿಸಿದ್ದರು: ಹುಡುಗಿಯ ದೊಡ್ಡಪ್ಪ ಕೂತು ಎಲೆಅಡಿಕೆ ಎತ್ತದಿದ್ದರೆ ತಾವು ಎದ್ದು ಹೋಗುವವರೇ. ದೊಡ್ಡಪ್ಪ, ಅಂದರೆ ನನ್ನ ಭಾವ, ಇದ್ದದ್ದು ಅಫಜಲಪುರದಲ್ಲಿ ನಮ್ಮ ಗೋಡೆಯ ಆಚೆಗೇ. ಆದರೆ ಹೊಲದ ಬದುವಿನ ಜಗಳವಾದಾಗಿನಿಂದ ಅವರಿಗೂ ನನ್ನ ಗಂಡನಿಗೂ ಮಾತಿರಲಿಲ್ಲ.

ಮಾತಿರಲಿಲ್ಲ, ವ್ಯವಹಾರವಿತ್ತು. ಪಾಲಾದಾಗ ಮಾವನ ಬಂದೂಕು ನಮಗೆ ಬಂತು, ಸಿಡಿಮದ್ದಿನ ಡಬ್ಬಿ ಅವರಿಗೆ ಹೋಯಿತು. ಹಾಗೆ ಹಂಚಿದ ಹಿರಿಯರ ಬುದ್ಧಿಗೆ ಏನನ್ನಲಿ. ಭೀಮೆಯ ದಂಡೆಯ ಕಬ್ಬಿಗೆ ಹಂದಿ ನುಗ್ಗುವ ಕಾಲ. ಲಿಂಗ ಕಟ್ಟಿದ ಮನೆ, ಕೊಲ್ಲುವಂತಿಲ್ಲ. ಆಕಾಶಕ್ಕೊಂದು ಢಂ ಅನ್ನಿಸಿದರೆ ಸಾಕು. ಹಾಗಾಗಿ ಬಂದೂಕು ಆಚೆ ಹೋಗುವುದು, ಮದ್ದು ಈಚೆ ಬರುವುದು. ಹಿತ್ತಲಲ್ಲಿ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಹಿಟ್ಟಿನ ಬುಟ್ಟಿಯಲ್ಲಿ ಮುಚ್ಚಿ ಕೊಡುವಳು, ಹೊರುವವಳು ನಾನು. ತೇವ ತಾಗದಂತೆ, ಒಲೆಯ ಕಿಡಿಯೂ ತಾಗದಂತೆ ಕಾಯುವವಳೂ ನಾನೇ.

ಅದೇ ದಿನಗಳಲ್ಲಿ ಪೇಪರಿನಲ್ಲಿ ಎರಡು ದೇಶಗಳ ಸುದ್ದಿ ಬಂತು. ಒಂದರ ರಾಯಭಾರಿ ಇನ್ನೊಂದರಲ್ಲಿಲ್ಲ, ಒಂದರ ಹೆಸರು ಇನ್ನೊಂದರ ಬಾಯಲ್ಲಿ ಬೈಯುವುದಕ್ಕಷ್ಟೇ. ಆದರೂ ಮೂರನೆಯವರ ಕೈಯಿಂದ ಕದ್ದುಮುಚ್ಚಿ ಶಸ್ತ್ರ ಮಾರಾಟ. ಗಂಡ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಓದಿ ಹೇಳಿ, ನಾಚಿಕೆಗೆಟ್ಟ ಮಂದಿ ಎಂದರು. ರೊಟ್ಟಿ ಬಡಿಯುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ಅವರು ಮಾರಿದ ಮ್ಯಾಗರ ಒಳಗೊಳಗ ಮಾತಾಡ್ತಾರಂತ್ರಿ. ನೀವು ಯಾವಾಗ ಮಾತಾಡವ್ರು?"

"ನಮ್ಮದು ಹಂದಿ ಸಲುವಾಗಿಂದು. ಅದಕ್ಕೂ ಮಾತಿಗೂ ಏನ್ ಸಂಬಂಧ?"

ಮರುದಿನ ಆಚೆಯಿಂದ ಬಂದೂಕು ಕೇಳಿ ಬಂದಾಗ ನಾನು ಕೊಡಲಿಲ್ಲ. ದೊಡ್ಡಪ್ಪ ನಿಶ್ಚಯಕ್ಕೆ ಕೂಡುವುದಾದರೆ ಬಂದೂಕು, ಇಲ್ಲವಾದರೆ ಇಲ್ಲ ಎಂದು ಹೇಳಿ ಕಳಿಸಿದೆ. ಗಂಡನಿಗೂ ಅದೇ ಕರಾರು: ಅಣ್ಣನನ್ನು ಕರೆಯಲು ಒಪ್ಪಿದರಷ್ಟೇ ಮದ್ದು. ಇಬ್ಬರೂ ಗೊಣಗಿದರು, ಕಬ್ಬನ್ನು ನೆನೆದರು, ಒಪ್ಪಿದರು.

ಭಾವ ಬಂದರು. ತಮ್ಮನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಜಮಖಾನದ ಮೇಲೆ ಕೂತರು. ಕೂತು, ದೂರದಲ್ಲಿ ನಿಂತಿದ್ದ ನನ್ನತ್ತ ತಿರುಗಿದರು.

"ಎಲಿ ತಟ್ಟಿ ಈ ಕಡೆ ಸರಸಂತ ಹೇಳವ್ವಾ ನಿನ್ನ ಗಂಡಗ."

"ಸರಸಾಕತ್ತೇನಂತ ಹೇಳು," ಎಂದರು ಗಂಡ, ನನಗೇ.

ಅಡಿಕೆ, ಅರಿಸಿನ, ಆಯೇರಿ ಬಟ್ಟೆ, ಎಲ್ಲ ಮಾತೂ ನನ್ನ ಬಾಯಿ ಹಾದೇ ಹೋಯಿತು. ಎಲೆಅಡಿಕೆ ಎತ್ತಿದ್ದಾಯಿತು, ನನ್ನ ಗಂಟಲೂ ಬಿತ್ತು. ಇಷ್ಟು ಹೊತ್ತು ಇದನ್ನೇ ನೋಡುತ್ತಿದ್ದ ಬೀಗರು ಇದು ಈ ಮನೆತನದ ಪದ್ಧತಿಯೇ ಇರಬೇಕೆಂದುಕೊಂಡರೋ ಏನೋ. ಎದುರಿಗೇ ಕೂತಿದ್ದ ನನ್ನ ಗಂಡನನ್ನು ಬಿಟ್ಟು, ಬಲು ಮರ್ಯಾದೆಯಿಂದ ನನ್ನ ಕಡೆ ತಿರುಗಿದರು.

"ಲಗ್ನ ಯಾವಾಗ ಇಡೂಣಂತ ನಿಮ್ಮ ಯಜಮಾನರಿಗೆ ಕೇಳ್ರಿ, ಬೀಗ್ತಿಯವರ."