ಲೈನ್ ಎಲ್ಲಿಂದ ಬಂದೈತೆ?

ಅರಸೀಕೆರೆಯ ನಮ್ಮ ಬೀದಿಯಲ್ಲೊಬ್ಬ ನಿವೃತ್ತ ಲೈನ್‌ಮ್ಯಾನ್ ಇದ್ದರು. ಮದುವೆಮನೆಯ ಸೀರಿಯಲ್ ಸೆಟ್ ದೀಪ ಕಂಡರೂ ಟೋಪಿ ಹಿಂದಕ್ಕೆ ಸರಿಸಿ, "ಲೈನ್ ಎಲ್ಲಿಂದ ಬಂದೈತೆ?" ಎನ್ನುತ್ತಿದ್ದರು.

ಒಂದು ಗಣಪತಿ ಹಬ್ಬದ ರಾತ್ರಿ ಮೋಡದ ಮೇಲೆ ಎರಡು ಬಿಳಿ ಬೆಳಕಿನ ಬಿಲ್ಲೆಗಳು ಓಡಾಡತೊಡಗಿದವು. ಜನ ಮೊಬೈಲ್ ಎತ್ತಿದರು, ಕೆಲವರು ಕೈಮುಗಿದರು. ನಮ್ಮ ಲೈನ್‌ಮ್ಯಾನ್ ಆಕಾಶಕ್ಕೂ ಅದೇ ಪ್ರಶ್ನೆ ಹಾಕಿ ಹುಡುಕಲು ಹೊರಟರು. ನಾನೂ ಹಿಂದೆ ಹೋದೆ.

ಬೆಳಕು ಗಣಪತಿ ಪೆಂಡಾಲಿನ ಹಿಂದೆ ತಿರುಗುತ್ತಿದ್ದ ಸರ್ಚ್‌ಲೈಟುಗಳದು. ಅವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಕದ್ದ ಕರೆಂಟು ಕಣೋ ಇದು, ಇವತ್ತು ಬಿಡಲ್ಲ," ಎಂದು ವೈರಿನ ಜಾಡು ಹಿಡಿದು ಮೋರಿ ದಾಟಿ ನಡೆದರು.

ವೈರು ಅವರದೇ ಅಡುಗೆಮನೆಯ ಕಿಟಕಿಯೊಳಗೆ ಹೋಗಿತ್ತು.

"ಹುಡುಗ್ರು ಕೇಳಿದ್ರು, ದೇವ್ರ ಕೆಲಸ ಅಂತ ಕೊಟ್ಟೆ ಕಣ್ರೀ," ಎಂದರು ಅವರ ಹೆಂಡತಿ, ಒಳಗಿನಿಂದಲೇ.

ಅವರು ಟೋಪಿ ಸರಿಮಾಡಿಕೊಂಡು ಬಹಳ ಹೊತ್ತು ಆಕಾಶ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಇನ್ನೊಂದು ಲೈಟು ಹಾಕ್ಬೋದಾಗಿತ್ತು," ಎಂದರು.